ಚಿಕ್ಕಬೀರಮ್ಮ ಹೊಲಿಸಿದ ನೀರಿನ ಬೂಟು

ಚಿಕ್ಕಬೀರಮ್ಮ ಅಂಗಡಿಯಿಂದ ತಂದ ಯಾವ ಸಾಮಾನನ್ನೂ ತಂದ ಹಾಗೇ ಬಳಸಿದವಳಲ್ಲ. ಹೊಸ ಪ್ಲಾಸ್ಟಿಕ್ ಬಕೆಟ್ ತಂದರೆ ಮೊದಲು ಅದರ ಹಿಡಿಗೆ ತಂತಿ ಸುತ್ತಬೇಕು. ಹೊಸ ಕೊಡೆ ತಂದರೆ ಕಡ್ಡಿಗಳ ತುದಿಗೆಲ್ಲ ಸೂಜಿ ದಾರ ಹಿಡಿದು ತಾನೇ ಇನ್ನೊಂದೊಂದು ಗಂಟು ಹಾಕಬೇಕು. ರೆಡಿಮೇಡ್ ಅಂಗಿಯ ಗುಂಡಿಗಳನ್ನೆಲ್ಲ ಮತ್ತೊಮ್ಮೆ ಬಿಗಿದ ಮೇಲೇ ಅದು ಗಂಡನ ಮೈಗೆ. ಇನ್ನು ಚಪ್ಪಲಿ ಕೊಂಡರಂತೂ ಮುಗಿಯಿತು. ಹ್ಯಾಂಡ್‌ಪೋಸ್ಟ್ ಪೇಟೆಯ ಅಂಗಡಿಯಿಂದ ಕಾಲಿಗೂ ಹಾಕದೆ ನೇರ ಬಸ್ ಸ್ಟಾಪಿನ ಪಕ್ಕ ಹೊಂಗೆಮರದ ಕೆಳಗೆ ಕೂತು ಚಪ್ಪಲಿ ಹೊಲಿಯುವ ಕನಕರಾಜುವಿನ ಹತ್ತಿರ ಹೋಗಿ ಸುತ್ತ ಹೊಲಿಗೆ ಹಾಕಿಸುವಳು. ಆ ಹೊಲಿಗೆ ಬಿದ್ದ ಮೇಲೇ ಅದು ಚಪ್ಪಲಿ.

ಇದು ಅವಳೊಬ್ಬಳ ಗೀಳಲ್ಲ. ಆ ಕಡೆಯ ಹುಂಡಿ, ಹಟ್ಟಿ ಎನ್ನುವ ಸಣ್ಣ ಊರುಗಳ ಹೆಂಗಸರೆಲ್ಲ ಮಾಡುವುದೇ ಹಾಗೆ. ಮಾಡದೆ ಏನು ಮಾಡಿಯಾರು? ಹಳ್ಳಿಯವರಿಗೆ ಅಂತ ಕಳಿಸುವ ಮಾಲೇ ಅಂಥದ್ದು! ಅಂಟು ಬಳಿದು, ಮೇಲೆ ಮಿರಮಿರ ಮಿಂಚಿಸಿ, ಪೆಟ್ಟಿಗೆಯಲ್ಲಿಟ್ಟು ಕೊಡುತ್ತಾರೆ. ಮೂರನೇ ವಾರಕ್ಕೆ ಅಟ್ಟೆ ಬಾಯಿ ಬಿಡುತ್ತದೆ. ಕೇಳಲು ಹೋದರೆ ಅಂಗಡಿಯವನು ನಮ್ಮ ಕಾಲನ್ನೇ ಬಯ್ಯುತ್ತಾನೆ. ಮಾಡಿದವನು ಮುಗಿಸದೆ ಬಿಟ್ಟದ್ದನ್ನು ಕೊಂಡವನು ಮುಗಿಸಿಕೊಳ್ಳಬೇಕು.

ಚಿಕ್ಕಬೀರಮ್ಮ ಪಿರಿಯಾಪಟ್ಟಣದ ಕಡೆಯವಳು. ಮದುವೆಯಾಗಿ ಗಂಡನ ಊರು ಕೆಳಗಣಹುಂಡಿಗೆ ಬಂದ ದಿನ ಬಸ್ಸಿಳಿದು ಒಂದೂವರೆ ಮೈಲಿ ನಡೆಯಬೇಕಿತ್ತು. ಅರ್ಧ ದಾರಿಯಲ್ಲಿ ಮದುಮಗಳ ಹೊಸ ಚಪ್ಪಲಿಯ ಅಟ್ಟೆ ಕಿತ್ತುಕೊಂಡು ನಾಲಿಗೆಯ ಹಾಗೆ ನೇತಾಡತೊಡಗಿತು. ಅವಳು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೊಸಿಲು ದಾಟಿದಳು. ಅತ್ತೆ ನೆರೆಯವರ ಮುಂದೆ, "ನೋಡ್ರವ್ವ, ನಮ್ಮ ಸೊಸೆ ಬರ್ತಾನೇ ಚಪ್ಪಲಿ ಕೈಗೆ ತಕ್ಕೊಂಡವ್ಳೆ. ಇನ್ ನನ್ ಗತಿ ಏನೋ" ಎಂದು ನಗಿಸಿದ್ದಳು. ಎಲ್ಲರೂ ನಕ್ಕರು. ಚಿಕ್ಕಬೀರಮ್ಮನೂ ನಕ್ಕಳು. ಆದರೆ ಅಂದಿನಿಂದ ಹೊಲಿಗೆ ಹಾಕಿಸದ ಚಪ್ಪಲಿ ಆ ಮನೆಯ ಹೊಸಿಲ ಒಳಗೆ ಬಂದಿಲ್ಲ. ಗಂಡನ ಚಪ್ಪಲಿ ತರುವವಳೂ ಅವಳೇ. ಅವನು ಮೂವತ್ತು ವರ್ಷದಿಂದ ಮೆಟ್ಟಿದ್ದೆಲ್ಲ ಸುತ್ತ ಹೊಲಿಗೆ ಬಿದ್ದದ್ದೇ. ಆ ಹೊಲಿಗೆ ಚಪ್ಪಲಿಯ ಜೊತೆಗೇ ಅಂಗಡಿಯಿಂದ ಬರುತ್ತದೆಂದೇ ಅವನು ತಿಳಿದಿದ್ದ.

ಗಂಡ ಸಣ್ಣಬೀರಯ್ಯ ಕಬಿನಿ ಹಿನ್ನೀರಿನಲ್ಲಿ ಮೀನು ಹಿಡಿಯುವವನು. ಅಣೆಕಟ್ಟು ಕಟ್ಟಿದಾಗ ಅವನಪ್ಪನ ಹೊಲ ನೀರಿನ ಕೆಳಗೆ ಹೋಯಿತು. ಅಪ್ಪ ರಾಗಿ ಬಿತ್ತಿದ ಜಾಗದ ಮೇಲೇ ಮಗ ಬಲೆ ಕಟ್ಟಿ ಜಿಲೇಬಿ ಮೀನು ಹಿಡಿದ. ಎಲ್ಲಿ ಹಳೆಯ ಬದು, ಎಲ್ಲಿ ಬಾವಿಯ ಕಟ್ಟೆ, ಎಲ್ಲಿ ಹುಣಸೆ ಮರದ ಬೊಡ್ಡೆ ಎನ್ನುವುದೆಲ್ಲ ಅವನ ಕಾಲಿಗೆ ಗೊತ್ತಿತ್ತು. ಮುಳುಗಿದ ಬೊಡ್ಡೆಗಳ ನಡುವೆ ಹರಿಗೋಲು ನುಗ್ಗುವುದಿಲ್ಲ. ಎದೆಮಟ್ಟದ ನೀರಿನಲ್ಲಿ ನಡೆದೇ ಬಲೆ ಕಟ್ಟಬೇಕು, ನಡೆದೇ ಬಿಡಿಸಬೇಕು.

ಅವನಿಗೆ ಸಕ್ಕರೆ ಕಾಯಿಲೆ ಬಂತು. ವರ್ಷ ಕಳೆದಂತೆ ಪಾದದಲ್ಲಿ ಸ್ಪರ್ಶವೇ ಹೋಯಿತು. ಒಂದು ದಿನ ನೀರಿನೊಳಗೆ ಕಪ್ಪೆಚಿಪ್ಪು ಎಡಗಾಲಿನ ಹೆಬ್ಬೆರಳನ್ನು ಸೀಳಿತು. ಅವನಿಗೆ ಗೊತ್ತೇ ಆಗಲಿಲ್ಲ. ಮನೆಗೆ ಬಂದಾಗ ಜಗಲಿಯ ಮೇಲೆ ಬಿದ್ದ ರಕ್ತದ ಹೆಜ್ಜೆ ನೋಡಿ ಚಿಕ್ಕಬೀರಮ್ಮ ಕೂಗಿಕೊಂಡಳು. ಆ ಗಾಯ ಮಾಯಲಿಲ್ಲ. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಹೆಬ್ಬೆರಳು ತೆಗೆದರು. ಕಳಿಸುವಾಗ ಡಾಕ್ಟರು ಚಿಕ್ಕಬೀರಮ್ಮನನ್ನು ಬದಿಗೆ ಕರೆದು, "ಈ ಕಾಲು ಇನ್ನು ಒದ್ದೆಯಾಗಬಾರದಮ್ಮ. ಕೆಸರು ನೀರು ತಾಗಿದರೆ ಮುಂದಿನ ಸಲ ಬೆರಳಲ್ಲ, ಕಾಲೇ ಹೋಗುತ್ತೆ" ಎಂದು ಬಿಡಿಸಿ ಹೇಳಿದರು.

ಸಣ್ಣಬೀರಯ್ಯ ನಾಲ್ಕು ತಿಂಗಳು ಜಗಲಿಯ ಮೇಲೆ ಕೂತ. ಹಾಗೆ ಕೂತವನನ್ನು ನೋಡಬಾರದು. ಎದುರಿಗೇ ನೀರು. ಬೆಳಿಗ್ಗೆ ಬೇರೆಯವರು ಬಲೆ ಹೊತ್ತು ಇಳಿಯುವುದನ್ನು ನೋಡುವುದು, ಅವರು ಹತ್ತಿ ಬರುವ ತನಕ ಅಲ್ಲೇ ಕಣ್ಣಿಡುವುದು. ಉಣ್ಣಲು ಕರೆದರೆ ತಟ್ಟೆ ಒದೆಯುತ್ತಿದ್ದ. ಒಂದು ದಿನ ಅನ್ನ ಮುಂದಿಟ್ಟಾಗ, "ನನ್ನ ಕಟ್ಟಾಕಿ ಮೇವು ಹಾಕ್ತಾ ಇದ್ದೀಯಲ್ಲಮ್ಮಿ. ಇದ್ಕಿಂತ ಆ ಕಾಲು ಕಡ್ದು ನೀರಿಗೆ ಎಸೆದ್ಬುಡು, ಮೀನಾದ್ರೂ ತಿಂದ್ಕಳ್ಳಲಿ" ಎಂದ. ಚಿಕ್ಕಬೀರಮ್ಮ ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಅವರ ಮಗಳು ರಾಧಾ ಹಿನ್ನೀರಿನ ಆಚೆ ದಡದ ರೆಸಾರ್ಟಿನಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ವಾರವೆಲ್ಲ ಅಲ್ಲೇ, ಸೋಮವಾರ ಮನೆಗೆ. ಒಂದು ಸೋಮವಾರ ಬಂದವಳೇ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. ಗಾಳ ಹಾಕಲು ಬಂದಿದ್ದ ಒಬ್ಬ ದೊರೆಮನುಷ್ಯ ಎದೆಮಟ್ಟದ ರಬ್ಬರ್ ಬಟ್ಟೆಯೊಳಗೆ ನಿಂತಿದ್ದ. ಕೆಳಗೆ ಬೂಟು, ಅದಕ್ಕೇ ಅಂಟಿಕೊಂಡ ಪ್ಯಾಂಟು, ಹೆಗಲಿಗೆ ಪಟ್ಟಿ.

"ಇದ್ರೊಳಕ್ಕೆ ಒಂದು ತೊಟ್ಟು ನೀರು ಹೋಗಾಕಿಲ್ಲವಂತೆ ಕಣವ್ವ. ನಾನೇ ಒಗೆಯಾಕೆ ತಕ್ಕೊಂಡು ಒಳಗೆ ಕೈ ಹಾಕಿ ನೋಡ್ದೆ. ಬೆಚ್ಚಗಿತ್ತು. ಹುಣಸೂರಲ್ಲಿ ಸಿಗ್ತದಂತೆ."

ತಿಂಗಳು ಕಳೆದು ರಾಧಾ ಹುಣಸೂರಿಗೆ ಹೋಗಿ ಅದನ್ನು ಕೊಂಡೇ ತಂದಳು. ಅವಳ ಒಂದಿಡೀ ಸಂಬಳ ಅದಕ್ಕೇ ಹೋಯಿತು. ಕೆಲಸದ ಹೊತ್ತಾಗಿದ್ದರಿಂದ ಹ್ಯಾಂಡ್‌ಪೋಸ್ಟಿನಲ್ಲೇ ಅವ್ವನ ಕೈಗೆ ಚೀಲ ಕೊಟ್ಟು ರೆಸಾರ್ಟಿನ ಜೀಪು ಹತ್ತಿದಳು.

"ಒಂದ್ವರ್ಷ ವಾರಂಟಿ ಅದೆ ಕಣವ್ವ. ಏನಾದ್ರೂ ಆದ್ರೆ ಹೊಸದೇ ಕೊಡ್ತಾರಂತೆ. ಆ ಚೀಟಿ ಮಾತ್ರ ಕಳೀಬ್ಯಾಡ."

ಚಿಕ್ಕಬೀರಮ್ಮ ಚೀಟಿಯನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ಉಪ್ಪು ಮುಗಿದಿದ್ದರೆ ಅಂಗಡಿಗೆ ಹೋಗುವಷ್ಟೇ ಸಹಜವಾಗಿ ಅವಳು ಹೊಂಗೆಮರದ ಕಡೆಗೆ ನಡೆದಳು.

ಕನಕರಾಜು ಚೀಲದಿಂದ ಎಳೆದ. ಎಳೆದಷ್ಟೂ ಬರುತ್ತಲೇ ಇತ್ತು.

"ಏನಕ್ಕಾ ಇದು? ಬೂಟೋ, ಪ್ಯಾಂಟೋ?"

"ಎರಡೂನೂ ಕಣಪ್ಪ. ನಿಮ್ಮಣ್ಣ ನೀರಿಗಿಳಿಯಾಕೆ."

"ಅಯ್ಯೋ ಶಿವನೇ! ಇದ ಹಾಕ್ಕೊಂಡು ಇಳುದ್ರೆ ಮೀನು ನಗಾಕಿಲ್ವಾ?"

"ನಗಲಿ ಬುಡು. ನಗ್ತಾ ಬಾಯಿ ಬುಟ್ರೆ ಹಿಡಿಯಾದು ಸಲೀಸು."

ಕನಕರಾಜು ಬೂಟನ್ನು ತಿರುಗಿಸಿ ಮುರುಗಿಸಿ ನೋಡಿದ. ಅಟ್ಟೆಯ ಅಂಚಿನಲ್ಲಿ ಉಗುರು ತೂರಿಸಲು ನೋಡಿದ. ಉಗುರು ಹೋಗಲಿಲ್ಲ.

"ಗಟ್ಟಿಯಾಗೇ ಅದೆ ಕಣಕ್ಕ. ಇದ್ಕೂ ಬೇಕಾ ಒಲಿಗೆ?"

"ಮೊದಮೊದಲು ಎಲ್ಲಾವೂ ಗಟ್ಟಿಯಾಗೇ ಇರ್ತಾವೆ ಕಣ್ಲಾ ಕನಕ. ಮೂರು ವಾರ ಕಳೀಲಿ, ಅವಾಗ ಗೊತ್ತಾಯ್ತದೆ. ನೀರೊಳಗೆ ಅಟ್ಟೆ ಬಾಯಿ ಬುಟ್ರೆ ನನ್ನ ಮನೆ ಮುಳುಗೋಯ್ತದೆ. ಹಾಕು. ಒಂದು ಸುತ್ತಲ್ಲ, ಎರಡು ಸುತ್ತು ಹಾಕು."

ಅವನು ಪ್ಯಾಂಟಿನ ಕಾಲನ್ನು ಮಡಚಿ, ಬೂಟಿನೊಳಗೆ ಮೊಣಕೈ ತನಕ ಕೈ ತೂರಿಸಿ, ದಬ್ಬಳದಿಂದ ಚುಚ್ಚಿ ಚುಚ್ಚಿ ಹೊಲಿದ. ನೀರಿನ ಕೆಲಸ ಅಂತ ದಾರಕ್ಕೆ ಮೂರು ಸಲ ಮೇಣ ಎಳೆದ. ಕರಿಯ ರಬ್ಬರಿನ ಮೇಲೆ ಕರಿಯ ದಾರ, ಮಿಷನ್ ಹೊಲಿಗೆ ಕೂಡ ಅಷ್ಟು ಸಾಲಾಗಿ ಬೀಳದು. ಎರಡು ಬಸ್ಸು ಹೋದವು. ಚಿಕ್ಕಬೀರಮ್ಮ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಒಂದು ಹೊಲಿಗೆಯೂ ತಪ್ಪದ ಹಾಗೆ ನೋಡುತ್ತಿದ್ದಳು. ಕೊನೆಗೆ ಕನಕರಾಜು, "ಬೀರಣ್ಣ ಮತ್ತೆ ನೀರಿಗಿಳಿದ್ರೆ ನಂಗೆ ನಾಲ್ಕು ಮೀನು ಕೊಟ್ಕಳಿಸು, ಸಾಕು" ಎಂದು ಕೂಲಿ ತೆಗೆದುಕೊಳ್ಳಲಿಲ್ಲ.

ಸಣ್ಣಬೀರಯ್ಯ ಅದನ್ನು ತೊಟ್ಟು ಹೊರಟ ದಿನ ಊರೇ ದಡದಲ್ಲಿತ್ತು. ಪೇಪರು ಓದಿ, ಊರವರಿಗೆಲ್ಲ ಅರ್ಜಿ ಬರೆದುಕೊಡುವ ಚೆಲುವರಾಜು ಮುಂದೆ ನಿಂತು, "ಏನ್ ಬೀರಣ್ಣ, ಚಂದ್ರಲೋಕಕ್ಕೆ ಹೊಂಟಂಗದೆ?" ಎಂದ.

"ಊ ಕಣ್ಲಾ. ನಿಂಗೊಂದು ಹೆಣ್ಣು ನೋಡ್ಕೊಂಡು ಬರಾಕೆ. ಭೂಮಿ ಮೇಲಂತೂ ಯಾರೂ ಕೊಡ್ನಿಲ್ಲವಲ್ಲ."

ಚೆಲುವರಾಜುವೂ ಸೇರಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಣ್ಣಬೀರಯ್ಯ ನೀರಿಗಿಳಿದ. ಮೊಣಕಾಲು, ಸೊಂಟ, ಎದೆ. ಅಪ್ಪನ ಹೊಲದ ಬದುವಿನ ಮೇಲೆ ನಿಂತು ತಿರುಗಿ ನೋಡಿದ. ಹತ್ತಿ ಬಂದವನೇ ದಡದ ಮೇಲೆ ಕೂತು ಕಾಲು ಹೊರಗೆಳೆದು ಹೆಂಡತಿಯ ಕಡೆ ಚಾಚಿದ.

"ಮುಟ್ಟು ಮೇ. ಮುಟ್ಟಿ ನೋಡು. ಒಣಗಿದ ಸೌದೆ ಇದ್ದಂಗದೆ!"

ಅವಳು ಮುಟ್ಟಿದಳು. ಸಾಕ್ಸು ಒಣಗಿತ್ತು. ಅವಳಿಗೆ ಕಣ್ಣು ತುಂಬಿ ಬಂತು. ವಾರಂಟಿ ಚೀಟಿಯನ್ನು ಆ ದಿನವೇ ದೇವರ ಪಟದ ಹಿಂದೆ ಸಿಕ್ಕಿಸಿದಳು.

ಹತ್ತು ದಿನ ಹಾಗೇ ನಡೆಯಿತು. ಆಮೇಲೆ ಸಾಕ್ಸು ತುಸು ತೇವವಾಗಿ ಬರತೊಡಗಿತು. ಅವಳು ಕೇಳಿದರೆ, "ಬೆವರು ಕಣಮ್ಮಿ. ರಬ್ಬರೊಳಗೆ ಗಾಳಿ ಆಡಬ್ಯಾಡ್ವಾ?" ಎಂದ. ಒಳಗೆ ನೀರು ಬಂದರೆ ಬೇರೆಯವರಿಗೆ ಕಾಲು ತಣ್ಣಗಾಗಿ ತಿಳಿಯುತ್ತದೆ. ಅವನ ಪಾದ ಹೇಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಚಿಕ್ಕಬೀರಮ್ಮ ದಿನಾ ಸಾಕ್ಸು ಹಿಂಡಿ ತಂತಿಯ ಮೇಲೆ ಹಾಕುತ್ತಿದ್ದಳು. ಒಂದು ದಿನ ಮೂಗಿಗೆ ಹಿಡಿದು ನೋಡಿದಳು. ಬೆವರಿನ ವಾಸನೆಯ ಜೊತೆಗೆ ಪಾಚಿಯ ವಾಸನೆಯೂ ಇದ್ದ ಹಾಗಿತ್ತು. ಮನಸ್ಸು ಅಳುಕಿತು. ಆದರೆ ಒಳಗೆ ಗಂಡ ಬಲೆ ಬಿಡಿಸುತ್ತಾ ಏನೋ ಗುನುಗುತ್ತಿದ್ದ. ನಾಲ್ಕು ತಿಂಗಳ ಮೇಲೆ ಕೇಳಿದ ಗುನುಗು. ಇಳಿಯಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ನೀರಿಗೆ ಹೋಗುವವನ ಸಾಕ್ಸು ಪಾಚಿ ನಾರದೆ ಇನ್ನೇನು ನಾರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ನಾಲ್ಕನೇ ವಾರ ಅವನಿಗೆ ಚಳಿಜ್ವರ ಬಂತು. ಬೆರಳು ತೆಗೆದ ಜಾಗ ಕಪ್ಪಾಗಿ, ಒತ್ತಿದರೆ ನೀರು ಒಸರುತ್ತಿತ್ತು. ತಾಲೂಕು ಆಸ್ಪತ್ರೆಯವರು ನೋಡಿ ಆ ಗಳಿಗೆಯಲ್ಲೇ ಮೈಸೂರಿಗೆ ಕಳಿಸಿದರು. ಅದೇ ಡಾಕ್ಟರು, ಅದೇ ವಾರ್ಡು. "ಒದ್ದೆ ಮಾಡಬೇಡಿ ಅಂದಿದ್ದೆನಲ್ಲಮ್ಮ" ಎಂದರು. "ಒದ್ದೆ ಮಾಡಿಲ್ಲ ಸ್ವಾಮಿ, ಬೂಟು ಹಾಕಿದ್ರು" ಎಂದಳು ಅವಳು. ಮೂರನೇ ದಿನ ಮೊಣಕಾಲಿನ ಒಂದು ಗೇಣು ಕೆಳಗೆ ಎಡಗಾಲು ತೆಗೆದರು.

ಅವನು ಊರಿಗೆ ಬಂದಾಗ ಮಳೆಗಾಲ ಹಿಡಿದು ಹಿನ್ನೀರು ಏರಿತ್ತು. ಮೂಲೆಯಲ್ಲಿ ತಲೆಕೆಳಗಾಗಿ ನೇತುಹಾಕಿದ್ದ ಬೂಟನ್ನು ರಾಧಾ ಕೆಳಗಿಳಿಸಿ, ಬಾವಿಯ ಹತ್ತಿರ ಒಯ್ದು, ಒಳಗೆ ಒಂದು ಕೊಡ ನೀರು ಸುರಿದು ನೋಡಿದಳು. ಪಾದದ ಸುತ್ತಲೂ ಒಸರಿತು.

"ಸೋರ್ತದೆ ಅಪ್ಪ! ಕಂಪನಿಯವರು ಮೋಸ ಮಾಡವ್ರೆ!" ಎಂದು ಅಲ್ಲೇ ಕುಸಿದು ಕೂತು, ತಾನು ಕೊಂಡು ತಂದ ಬೂಟನ್ನು ತಬ್ಬಿಕೊಂಡು ಗೋಳೋ ಎಂದು ಅತ್ತಳು. ಸಣ್ಣಬೀರಯ್ಯ ಮಗಳು ಅಳುವುದನ್ನು ನೋಡಿದ. ಆಸ್ಪತ್ರೆಯಲ್ಲಿ ಹೆಣದ ಹಾಗೆ ಬಿದ್ದಿದ್ದವನಿಗೆ ಮತ್ತೆ ಜೀವ ಬಂದದ್ದೇ ಆ ಸಿಟ್ಟಿನಿಂದ. "ಬುಡಾಕಿಲ್ಲ. ನನ್ನ ಕಾಲು ತಿಂದವ್ರ ಬುಡಾಕಿಲ್ಲ" ಎಂದ.

ಹುಣಸೂರಿನ ಆ ಅಂಗಡಿಗೆ ತಿಂಗಳ ಎರಡನೇ ಮಂಗಳವಾರ ಕಂಪನಿಯ ಸರ್ವೀಸಿನವರು ಬರುತ್ತಿದ್ದರು. ಸಣ್ಣಬೀರಯ್ಯ ಎರಡು ಊರುಗೋಲು ಹಾಕಿಕೊಂಡು, ಚಿಕ್ಕಬೀರಮ್ಮ ಬೂಟಿನ ಚೀಲ ಹೊತ್ತುಕೊಂಡು ಬಸ್ಸಿಳಿದರು. ಸರ್ವೀಸಿನವನ ಹೆಸರು ಸೋಮಶೇಖರ್. ಇನ್ನೂ ಚಿಕ್ಕ ವಯಸ್ಸು, ಒಳ್ಳೆಯ ಮಾತು. ಸಣ್ಣಬೀರಯ್ಯನ ಮಡಚಿ ಕಟ್ಟಿದ ಪಂಚೆಯನ್ನು ನೋಡಿ ಎದ್ದು ನಿಂತು ಕುರ್ಚಿ ಕೊಟ್ಟ.

"ಕೂರಾಕೆ ಬಂದಿಲ್ಲ ಕಣಯ್ಯ. ಕಾಲು ಕೇಳಾಕೆ ಬಂದಿವ್ನಿ. ಇದು ನಿಮ್ಮ ಚೀಟಿ, ಇದು ನಿಮ್ಮ ಬೂಟು. ವರ್ಷ ಅಂದ್ರಿ, ತಿಂಗಳು ಬಾಳ್ನಿಲ್ಲ. ನನ್ನ ಕಾಲು ಎಲ್ಲಿ? ಬದಲಿಗೆ ಹೊಸದು ಕೊಡ್ತೀವಿ ಅಂತ ಬರ್ದಿದ್ದೀರಲ್ಲ, ಕೊಡಿ!"

"ಯಜಮಾನ್ರೇ, ಒಂದು ಹತ್ತು ನಿಮಿಷ ಕೊಡಿ. ತಪ್ಪು ನಮ್ಮದಾದರೆ ನಾನೇ ಬರೆದುಕೊಡ್ತೀನಿ."

ಅವನು ಬೂಟನ್ನು ಕೊಕ್ಕೆಗೆ ನೇತುಹಾಕಿ, ಒಳಗೆ ನೀರು ತುಂಬಿ, ಹೊರಗೆ ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿದ. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಸುತ್ತ ಸೇರಿದರು. ಬಟ್ಟೆಯ ಭಾಗದಲ್ಲಿ ಒಂದು ಹನಿ ಇಲ್ಲ. ಅಂಟಿನಲ್ಲಿ ಒಂದು ಹನಿ ಇಲ್ಲ. ಪಾದದ ಸುತ್ತ, ಹೊಲಿಗೆಯ ಒಂದೊಂದು ತೂತಿನಲ್ಲೂ ಸಾಸಿವೆ ಕಾಳಿನಷ್ಟು ನೀರು ಮೂಡಿತು. ಎರಡು ಸಾಲಾಗಿ, ಸರ ಪೋಣಿಸಿದ ಹಾಗೆ. ಮೂಡಿ, ದಪ್ಪಗಾಗಿ, ತೊಟ್ಟಿಕ್ಕತೊಡಗಿತು.

"ಸೂಜಿ ತೂತು ಯಜಮಾನ್ರೇ" ಎಂದ ಸೋಮಶೇಖರ್ ಮೆಲ್ಲಗೆ. "ಈ ಬೂಟಿಗೆ ನಾವು ಸೂಜಿಯನ್ನೇ ಮುಟ್ಟಿಸಲ್ಲ. ಅಟ್ಟೆ, ಪಾದ ಎರಡನ್ನೂ ಒಂದೇ ಅಚ್ಚಲ್ಲಿ ತೆಗೀತೀವಿ. ಕೊಂಡ ಮೇಲೆ ಯಾರೋ ಹೊಲಿಸಿದ್ದಾರೆ. ಹೊಲಿಸಿದರೆ ವಾರಂಟಿ ಇರಲ್ಲ ಅಂತ ಚೀಟಿಯ ಹಿಂದೆ ಇದೆ."

ಒಳಗಿನಿಂದ ಹೊಸದೊಂದು ಜೊತೆ ತಂದು ಪಕ್ಕದಲ್ಲಿಟ್ಟ. ಚಿಕ್ಕಬೀರಮ್ಮ ಕೈ ಚಾಚಿ ಅದರ ಅಂಚನ್ನು ಬೆರಳಿನಿಂದ ಸವರಿದಳು. ನುಣ್ಣಗೆ, ಒಂದೇ ತುಂಡು. ಎಲ್ಲೂ ಸೇರಿಕೆಯೇ ಇಲ್ಲ. ಅವಳ ಇಡೀ ಜನ್ಮದಲ್ಲಿ ಅವಳ ಕೈಗೆ ಬಂದ ಮೊದಲನೆಯ ಪೂರ್ತಿಯಾದ ವಸ್ತು ಅದು. ಅಂಥದ್ದನ್ನೇ ಅವಳು ಎರಡು ಬಸ್ಸು ಬಿಟ್ಟು ಕೂತು, ಸುತ್ತಲೂ ತೂತು ಹಾಕಿಸಿ ತಂದಿದ್ದಳು.

"ಯಾರ್ಲಾ ಒಲ್ಸಿದ್ದು?" ಸಣ್ಣಬೀರಯ್ಯ ಊರುಗೋಲನ್ನು ನೆಲಕ್ಕೆ ಕುಟ್ಟಿ ಗರ್ಜಿಸಿದ. "ಬೂಟು ಅಂದ್ಮೇಲೆ ಒಲಿಗೆ ಇರಾಕಿಲ್ವಾ? ನಾನು ಮೆಟ್ಟಿದ್ದೆಲ್ಲ ಒಲಿಗೆ ಇದ್ದಿದ್ದೇ. ನಿಮ್ಮ ತಾವಿಂದ ಬಂದಿದ್ದೇ ಇಂಗೆ. ಅಂಗಡೀಲಿ ನನ್ನ ಮಗಳಿಗೆ ಕೆಟ್ಟ ಮಾಲು ಕಟ್ಟಿ ಕೊಟ್ಟು ಈಗ ನಮ್ಮ ಮೇಲೆ ಹಾಕ್ತೀರಾ?"

"ಇಲ್ಲ ಯಜಮಾನ್ರೇ. ಹೊಲಿಗೆ ಒಂದಿಲ್ಲದಿದ್ದರೆ ಐದು ವರ್ಷ ಆದರೂ ಹನಿ ಬರ್ತಿರಲಿಲ್ಲ."

"ನಮ್ಮನೇಲಿ ಇದಕ್ಕೆ ಯಾರೂ ಸೂಜಿ ಮುಟ್ಸಿಲ್ಲ. ಬೇಕಾದ್ರೆ ತಕ್ಕೋ, ಇವಳ ತಲೆ ಮುಟ್ಟಿ ಯೋಳ್ತೀನಿ!"

ಹಾಗೆಂದವನೇ ಬಲಗೈಯನ್ನು ಹೆಂಡತಿಯ ತಲೆಯ ಮೇಲೆ ಇಟ್ಟ. ಮೂವತ್ತು ವರ್ಷ ಬಲೆ ಎಳೆದ ದೊಡ್ಡ ಕೈ. ಅದರ ಭಾರದ ಕೆಳಗೆ ಚಿಕ್ಕಬೀರಮ್ಮ ಅಲುಗಾಡದೆ ನಿಂತಳು. ಬಾಯಿ ತೆರೆದರೆ ಗಂಡ ಹತ್ತು ಜನರ ಮುಂದೆ ಸುಳ್ಳನಾಗುತ್ತಾನೆ. ತೆರೆಯದಿದ್ದರೆ... ಅವಳು ತೆರೆಯಲಿಲ್ಲ. ಬೂಟಿನಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು.

ಬರುವಾಗ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ಬದಲಿಸಬೇಕು. ಗಂಡನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ ಅವಳು ನೀರು ತರಲು ಹೋದಾಗ ಕನಕರಾಜು ಮರದ ಕೆಳಗಿನಿಂದ ಎದ್ದು ಬಂದ. ಸಣ್ಣಬೀರಯ್ಯನ ಕಾಲಿನ ಸುದ್ದಿ ಅವನಿಗೆ ಗೊತ್ತಿತ್ತು.

"ಎಂಥ ಗ್ರಾಚಾರ ಅಕ್ಕ. ಆದ್ರೂ ಆ ಬೂಟು ಎಂಗಿತ್ತು? ನನ್ನ ಒಲಿಗೆ ತಡ್ಕತಾ?"

ಚಿಕ್ಕಬೀರಮ್ಮ ಅವನ ಮುಖ ನೋಡಿದಳು. ಕೂಲಿ ತೆಗೆದುಕೊಳ್ಳದ ಮನುಷ್ಯ.

"ತಡ್ಕತು ಕಣಪ್ಪ" ಎಂದಳು. "ಒಂದು ಒಲಿಗೇನೂ ಬಿಚ್ನಿಲ್ಲ."

ಚೆಲುವರಾಜು ವಿಷಯ ಕೇಳಿ ಕುದಿದುಹೋದ. ಮಾರನೆಯ ಮಧ್ಯಾಹ್ನವೇ ಪೆನ್ನು ಪೇಪರು ಹಿಡಿದು ಬಂದು, ಗ್ರಾಹಕರ ಕೋರ್ಟಿಗೆ ದೂರು ಬರೆಯಲು ಜಗಲಿಯ ಮೇಲೆ ಕೂತ. ಸಣ್ಣಬೀರಯ್ಯ ಹೇಳುತ್ತಾ ಹೋದ, ಅವನು ಬರೆಯುತ್ತಾ ಹೋದ. ಮೂರು ಹಾಳೆ ತುಂಬಿತು.

"ಇವ್ರ ಒಂದು ಕೈ ನೋಡೇ ಬುಡಾವ ಬೀರಣ್ಣ. ಈಗ ಒಂದು ಸಾಕ್ಷಿ ಬೇಕು. ಆ ಒಲಿಗೆ ಕೈ ಒಲಿಗೆ ಅಲ್ಲ, ಮಿಷನ್ ಒಲಿಗೆ ಅಂತ ತಿಳಿದವ್ರು ಯೋಳ್ಬೇಕು. ನಾಳಿಕೆ ಬೆಳಿಗ್ಗೆ ಬೂಟು ತಕ್ಕೊಂಡು ಹ್ಯಾಂಡ್‌ಪೋಸ್ಟಿಗೆ ಹೋಗಾವ. ಕನಕರಾಜನ ಕೈಲಿ ಬರೆಸ್ಕೊಂಡ್ರೆ ಯಾವ ಲಾಯರೂ ಅಲ್ಲಗಳೆಯಾಕಿಲ್ಲ. ಅತ್ಗೆಮ್ಮ, ಬನ್ನಿ ಇಲ್ಲಿ. ಯಾರೂ ಒಲ್ಸಿಲ್ಲ ಅಂತ ಬರ್ದಿವ್ನಿ. ನೀವೊಂದು ಹೆಬ್ಬೆಟ್ಟು ಒತ್ತಿ."

ಚಿಕ್ಕಬೀರಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಕೈಯೆಲ್ಲ ಹಿಟ್ಟಾಗದೆ. ಆಮೇಲೆ ಒತ್ತೀನಿ" ಎಂದಳು. ಚೆಲುವರಾಜು ಹಾಳೆಗಳನ್ನು ಅಲ್ಲೇ ಕಲ್ಲಿನ ಕೆಳಗಿಟ್ಟು, ಬೆಳಿಗ್ಗೆ ಬರುತ್ತೇನೆಂದು ಹೋದ.

ಅವಳು ಹೊರಗೆ ಬಂದು ಗಂಡನ ಎದುರು ಕೂತಳು. ಅವನು ಹುರುಪಿನಲ್ಲಿದ್ದ. "ಕಾಲು ಬರಾಕಿಲ್ಲ, ನಂಗೊತ್ತು. ಆದ್ರೆ ಆ ಕೂಸು ಅವತ್ತು ಬೂಟು ತಬ್ಕೊಂಡು ಅತ್ತದ್ದಕ್ಕೆ ಯಾರಾದ್ರೂ ಉತ್ತರ ಯೋಳ್ಬೇಕಲ್ಲ" ಎಂದ.

"ನಾಳಿಕೆ ಕನಕರಾಜನ ತಾವು ಹೋಗ್ಬ್ಯಾಡಿ."

"ಯಾಕೆ?"

"ಅವನು ಸುಳ್ಳು ಯೋಳಾಕಿಲ್ಲ."

ಅವನಿಗೆ ಅರ್ಥವಾಗಲಿಲ್ಲ. ಅವಳು ನೆಲ ನೋಡುತ್ತಾ ಹೇಳಿದಳು. "ಆ ಒಲಿಗೆ ಅವನೇ ಹಾಕಿದ್ದು. ರಾಧ ಬೂಟು ಕೊಟ್ಟ ದಿನವೇ. ಬ್ಯಾಡ ಕಣಕ್ಕ, ಗಟ್ಟಿಯಾಗದೆ ಅಂದ. ನಾನೇ ಕೂತ್ಕೊಂಡು ಹಾಕ್ಸ್ದೆ. ಒಂದು ಸುತ್ತು ಸಾಲ್ದು ಅಂತ ಎರಡು ಸುತ್ತು ಹಾಕ್ಸ್ದೆ. ಹುಣಸೂರಲ್ಲಿ ನೀರು ತೊಟ್ಟಿಕ್ಕಾಗಂಟ ನಂಗೆ ಗೊತ್ತಿರ್ನಿಲ್ಲ ಕಣ್ರೀ. ದೇವ್ರಾಣೆ ಗೊ‌ತ್ತಿರ್ನಿಲ್ಲ."

ಹೇಳಿ, ಏಟಿಗೆ ಕಾದವಳ ಹಾಗೆ ಹೆಗಲು ಕುಗ್ಗಿಸಿ ಕೂತಳು. ಊರುಗೋಲು ಅವನ ಕೈಗೆ ಎಟುಕುವ ಹಾಗೇ ಇತ್ತು. ಅವನು ಅದನ್ನು ಮುಟ್ಟಲಿಲ್ಲ. ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ನಿನ್ ತಲೆ ಮೇಲೆ ಇಕ್ಬುಟ್ನಲ್ಲಮ್ಮಿ ಈ ಕೈಯ" ಎಂದ. "ಸುಳ್ಳಾಣೆ ಆಗೋಯ್ತಲ್ಲ. ನಿಂಗೇನಾದ್ರೂ ಆದ್ರೆ ಎಂಗೆ? ಅವಾಗ್ಲೇ ಯಾಕೆ ನನ್ನ ಕೈ ಕೆಳಗೆ ಹಾಕ್ನಿಲ್ಲ ನೀನು?"

ಅವನು ಕಲ್ಲಿನ ಕೆಳಗಿನ ಹಾಳೆಗಳನ್ನು ಎಳೆದು, ಸಣ್ಣ ಸಣ್ಣದಾಗಿ ಹರಿದು ಹೆಂಡತಿಯ ಕೈಗೆ ಕೊಟ್ಟ.

"ಒಲೆಗೆ ಹಾಕು. ರಾಧಂಗೆ ಯೋಳ್ಬ್ಯಾಡ."

ಸೋಮವಾರ ರಾಧಾ ಬಂದಳು. ಬಂದವಳೇ, "ಅಪ್ಪ, ಕೇಸು ಏನಾಯ್ತು? ನಮ್ಮ ಮೇನೇಜರ್ ಒಬ್ರು ಲಾಯರ ನಂಬರ್ ಕೊಟ್ಟವ್ರೆ" ಎಂದಳು.

"ಕೇಸಿಲ್ಲ ಕೂಸೇ."

"ಯಾಕೆ?"

"ಕಂಪನಿಯವರ್ದು ತಪ್ಪಿಲ್ಲ. ಆ ಒಲಿಗೆ ನಾನೇ ಹಾಕ್ಸಿದ್ದು. ಯಾಕೋ ಗಟ್ಟಿ ಇರಾಕಿಲ್ಲ ಅನ್ನುಸ್ತು. ಹುಣಸೂರಲ್ಲಿ ಮರ್ಯಾದೆ ಹೋಯ್ತದೆ ಅಂತ ಸುಳ್ಳು ಯೋಳ್ದೆ."

ಸೌಟು ಹಿಡಿದ ಚಿಕ್ಕಬೀರಮ್ಮ ಅಡುಗೆಮನೆಯ ಬಾಗಿಲಿಗೆ ಬಂದಳು. ರಾಧಾಳ ಬಾಯಿಂದ ಬಂದದ್ದು ಅವಳು ಎಂದೂ ಆಡದ ಮಾತು.

"ನೀನಾ? ನೀನೇ ತೂತು ಹಾಕ್ಸಿದ್ದಾ? ಒಂದೊಂದು ಚಾದರ ಒಗೆಯುವಾಗ್ಲೂ ನಮ್ಮಪ್ಪಂಗೆ, ನಮ್ಮಪ್ಪಂಗೆ ಅಂದ್ಕೊಂಡು ಒಗೆದ್ನಲ್ಲೋ ನಾನು! ಮಗಳು ತಂದದ್ದು ಅಂದ್ರೆ ನಂಬ್ಕೆ ಇಲ್ವಾ ನಿಂಗೆ? ನಿನ್ನ ಕಾಲ ನೀನೇ ಕಡ್ಕೊಂಡೆ ಅಪ್ಪ. ಇನ್ನು ಇದೇ ಜಗಲಿ ಮೇಲೆ ಕೂತ್ಕೊಂಡು ಸಾಯೋಗಂಟ ನೀರು ನೋಡು, ಹೋಗು!"

ಸಣ್ಣಬೀರಯ್ಯ ತಲೆ ತಗ್ಗಿಸಿ ಕೂತ. ಯಾರೊಬ್ಬರ ಅರ್ಧ ಮಾತನ್ನೂ ತಡೆದುಕೊಳ್ಳದಿದ್ದವನು ಮಗಳ ಮಾತೆಲ್ಲ ಕೇಳಿಸಿಕೊಂಡ. ಚಿಕ್ಕಬೀರಮ್ಮ, "ಅಲ್ಲ ಕಣ್ ರಾಧ..." ಎಂದು ಬಾಗಿಲು ದಾಟಿ ಬಂದಳು. ಅವನು ತಲೆ ಎತ್ತಿ ಒಂದೇ ಒಂದು ಸಲ ಅವಳನ್ನು ನೋಡಿದ. ಆ ನೋಟದಲ್ಲಿ ಬೇಡಿಕೆ ಇತ್ತು. ಅಪ್ಪನ ಮೇಲಿನ ಸಿಟ್ಟು ಹುಡುಗಿಗೆ ಒಂದು ದಿನ ಇಳಿದೀತು. ಅವ್ವನೇ ಹೀಗೆ ಮಾಡಿದಳೆಂದು ಗೊತ್ತಾದರೆ ಈ ಮನೆಗೆ ಬರಲು ಅವಳಿಗೆ ಇನ್ನು ಯಾರಿದ್ದಾರೆ? ಚಿಕ್ಕಬೀರಮ್ಮ ಹೊಸಿಲಿಗೇ ಹಿಂದೆ ಸರಿದಳು.

ರಾಧಾ ಊಟ ಮಾಡಲಿಲ್ಲ. ಬಂದ ಚೀಲವನ್ನೇ ಹೆಗಲಿಗೇರಿಸಿ, ಹಿಂದಿರುಗಿ ನೋಡದೆ ರಸ್ತೆಯ ಕಡೆ ನಡೆದಳು. ತಿರುವಿನಲ್ಲಿ ಅವಳ ದುಪಟ್ಟಾ ಮರೆಯಾಗುವ ತನಕ ಗಂಡ ಹೆಂಡತಿ ಇಬ್ಬರೂ ನೋಡಿದರು.

ಚಿಕ್ಕಬೀರಮ್ಮ ಜಗಲಿಯಿಂದ ಕೆಳಗಿಳಿದಳು. ಅಂಗಳದಲ್ಲಿ ಮಂಡಿಯೂರಿ, ಗಂಡನ ಕಾಲಿಗೆ ಬೀಳೋಣವೆಂದು ಎರಡೂ ಕೈ ಚಾಚಿದಳು. ಎಡಗೈಗೆ ಪಾದ ಸಿಕ್ಕಿತು. ಬಲಗೈ ಬರಿ ಗಾಳಿಯಲ್ಲಿ ತಡಕಾಡಿ, ಪಂಚೆಯ ಗಂಟಿನ ಮೇಲೆ ಹೋಗಿ ನಿಂತಿತು.

"ಏಳು" ಎಂದ ಅವನು. "ಯಾರಾದ್ರೂ ನೋಡ್ತಾರೆ. ಏಳು ಮೇ."

ಅವಳು ಏಳಲಿಲ್ಲ.